ನಡುಮನೆಗೆ ಹೋಗದ ಕಾಯಿಗಳು: ಸತ್ಯಾಗ್ರಹದ ಮಣೆಯಾಟ, ಮಳೆಗಾಲದ ಪ್ರಗತಿ

ಅಹಿಂಸಾತ್ಮಕ ಪ್ರತಿರೋಧವನ್ನು ವಸ್ತುವಾಗಿಟ್ಟುಕೊಂಡು ನಾನು ಬಿಡುವಿನ ವೇಳೆಯಲ್ಲಿ ರೂಪಿಸುತ್ತಿರುವ ಮಣೆಯಾಟವು ಈ ಮಳೆಗಾಲದಲ್ಲಿ ಆಡಿ ನೋಡುವ ಹಂತಕ್ಕೆ ಬಂದಿದೆ. ಹಾಸನದ ನಮ್ಮ ಮನೆಯ ಜಗಲಿಯಲ್ಲಿ ಭಾನುವಾರ ಸಂಜೆ ಸೇರುವವರೇ ಇದರ ಪರೀಕ್ಷಕರು: ನಿವೃತ್ತ ಬಸ್ ಕಂಡಕ್ಟರ್ ಒಬ್ಬರು, ಪಿಯುಸಿ ಓದುತ್ತಿರುವ ಪಕ್ಕದ ಮನೆಯ ಹುಡುಗಿ, ಶ್ರವಣಬೆಳಗೊಳದ ಕಡೆಯವರಾದ ನನ್ನ ಹಳೆಯ ಸಹೋದ್ಯೋಗಿ.

ಮಣೆಯನ್ನು ಚೌಕಾಬಾರದಿಂದಲೇ ತೆಗೆದುಕೊಂಡಿದ್ದೇನೆ. ಅಲ್ಲಿ ಕಾಯಿ ನಡುಮನೆಯನ್ನು ಸೇರಿ ಹಣ್ಣಾಗಬೇಕು. ಇಲ್ಲಿ ನಡುಮನೆ ಎಂದರೆ ಅಧಿಕಾರ, ಅದರೊಳಗೆ ಆಟಗಾರರ ಯಾವ ಕಾಯಿಯೂ ಕಾಲಿಡುವಂತಿಲ್ಲ. ಅದನ್ನು ಸುತ್ತುವರಿದ ಎಂಟು ಮನೆಗಳಿಗೆ ಪೊಲೀಸರು, ಸೈನಿಕರು, ಗುಮಾಸ್ತರು, ವರ್ತಕರು, ಸಾರಿಗೆ ನೌಕರರು, ಶಿಕ್ಷಕರು, ಪತ್ರಕರ್ತರು, ಧರ್ಮಗುರುಗಳು ಎಂದು ಹೆಸರಿಟ್ಟಿದ್ದೇನೆ. ಇವುಗಳಲ್ಲಿ ಐದು ಮನೆಗಳು ವಿಧೇಯತೆಯನ್ನು ಹಿಂತೆಗೆದುಕೊಂಡರೆ ನಡುಮನೆ ತಾನಾಗಿ ಬೀಳುತ್ತದೆ. ಆಟದ ತತ್ತ್ವವೆಲ್ಲ ಇಷ್ಟರಲ್ಲೇ ಇದೆ. ಇಂಗ್ಲಿಷರು ಭಾರತವನ್ನು ಕಿತ್ತುಕೊಳ್ಳಲಿಲ್ಲ, ನಾವೇ ಕೊಟ್ಟೆವು ಎಂದು ಗಾಂಧೀಜಿ 1909ರ 'ಹಿಂದ್ ಸ್ವರಾಜ್'ನಲ್ಲಿ ವಾದಿಸಿದ್ದರು. 1973ರಲ್ಲಿ ಅಮೆರಿಕದ ರಾಜಕೀಯ ಚಿಂತಕ ಜೀನ್ ಶಾರ್ಪ್ 198 ಬಗೆಯ ಅಹಿಂಸಾತ್ಮಕ ಕ್ರಮಗಳನ್ನು ಪಟ್ಟಿ ಮಾಡಿದ್ದೂ ಇದೇ ತಿಳಿವಳಿಕೆಯ ಮೇಲೆ. ಎದುರಾಳಿಯ ಹೃದಯ ಪರಿವರ್ತನೆಯ ಬಗ್ಗೆ ನಮ್ಮಲ್ಲಿ ಬೇಕಾದಷ್ಟು ಭಾಷಣಗಳಾಗಿವೆ. ನನಗೆ ಮುಖ್ಯವಾಗಿ ಕಾಣುವುದು ಎದುರಾಳಿಗೂ ಜನರಿಗೂ ನಡುವೆ ನಿಂತು ಆಜ್ಞೆಯನ್ನು ಜಾರಿಗೊಳಿಸುವವರ ಮನಸ್ಸು.

ದಾಳಕ್ಕೆ ಹುಣಸೆಬೀಜಗಳನ್ನು ಬಳಸಿದ್ದೇನೆ. ಒಂದು ಮಗ್ಗುಲನ್ನು ಕಲ್ಲಿಗೆ ತೇಯ್ದು ಬಿಳಿ ಮಾಡುವ ಹಳೆಯ ಪದ್ಧತಿಯೇ. ಹೆಚ್ಚು ತೇಯ್ದರೆ ಬೀಜ ತೆಳುವಾಗಿ ಒಂದೇ ಮಗ್ಗುಲಿಗೆ ಬೀಳಲಾರಂಭಿಸುವುದರಿಂದ ಕಂದು ಸಿಪ್ಪೆ ಹೋದೊಡನೆ ನಿಲ್ಲಿಸಬೇಕು. ಅಮೆರಿಕದ ರಾಜ್ಯಶಾಸ್ತ್ರಜ್ಞರಾದ ಎರಿಕಾ ಚೆನೊವೆತ್ ಮತ್ತು ಮರಿಯಾ ಸ್ಟೀಫನ್ 2011ರಲ್ಲಿ ಪ್ರಕಟಿಸಿದ ಅಧ್ಯಯನವು 1900ರಿಂದ 2006ರವರೆಗಿನ 323 ಹೋರಾಟಗಳನ್ನು ಪರಿಶೀಲಿಸಿ, ಅಹಿಂಸಾತ್ಮಕ ಹೋರಾಟಗಳಲ್ಲಿ ಶೇ. 53ರಷ್ಟು, ಸಶಸ್ತ್ರ ಹೋರಾಟಗಳಲ್ಲಿ ಶೇ. 26ರಷ್ಟು ಗೆದ್ದಿವೆ ಎಂದು ತೋರಿಸಿತು. ಆಟದ ಕೊನೆಯ ಎಸೆತವನ್ನು ಇದಕ್ಕೆ ಹೊಂದಿಸಿದ್ದೇನೆ: ಅಹಿಂಸೆಯ ಹಾದಿಯಲ್ಲಿ ಬಂದವರಿಗೆ ಐದು ಬೀಜಗಳಲ್ಲಿ ಮೂರಾದರೂ ಬಿಳಿ ಬಿದ್ದರೆ ಸಾಕು, ಆಯುಧ ಹಿಡಿದವರಿಗೆ ಎರಡಕ್ಕೆ ಎರಡೂ ಬಿಳಿ ಬೀಳಬೇಕು. ಮೊದಲನೆಯದು ಹೆಚ್ಚುಕಡಿಮೆ ಅರ್ಧ ಸಲ, ಎರಡನೆಯದು ಕಾಲು ಭಾಗ ಸಲ ಬೀಳುತ್ತದೆ. ಇತ್ತೀಚಿನ ವರ್ಷಗಳಲ್ಲಿ ಅಹಿಂಸಾತ್ಮಕ ಹೋರಾಟಗಳ ಯಶಸ್ಸು ಇಳಿಮುಖವಾಗಿದೆ ಎಂದು ಚೆನೊವೆತ್ ಅವರೇ ಆಮೇಲೆ ಬರೆದಿದ್ದಾರೆ. ಅದನ್ನು ಎಸೆತಕ್ಕೆ ಸೇರಿಸದೆ, ಮುಂದೆ ಹೇಳುವಂತೆ, ಮಣೆಗೇ ಸೇರಿಸಿದ್ದೇನೆ.

ಘಟನಾಚೀಟಿಗಳ ಪೈಕಿ ಅತ್ಯಂತ ಜಗಳಕ್ಕೆ ಕಾರಣವಾದದ್ದು ಚೌರಿಚೌರಾದ ಚೀಟಿ. 1922ರ ಫೆಬ್ರವರಿ 4ರಂದು ಉದ್ರಿಕ್ತ ಗುಂಪು ಠಾಣೆಗೆ ಬೆಂಕಿಯಿಟ್ಟು 22 ಪೊಲೀಸರು ಸತ್ತಾಗ ಗಾಂಧೀಜಿ ಅಸಹಕಾರ ಚಳವಳಿಯನ್ನೇ ನಿಲ್ಲಿಸಿಬಿಟ್ಟರು. ಆಟದಲ್ಲಿಯೂ ಒಬ್ಬ ಆಟಗಾರ ಶಿಸ್ತಿನ ಬಿಲ್ಲೆಯಿಲ್ಲದೆ ಪ್ರಚೋದನೆಯ ಚೀಟಿ ಎತ್ತಿದರೆ ಎಲ್ಲರ ಕಾಯಿಗಳೂ ಹಿಂದಕ್ಕೆ ಹೋಗುತ್ತವೆ. "ಯಾರೋ ಒಬ್ಬರು ಮಾಡಿದ್ದಕ್ಕೆ ನಾನ್ಯಾಕೆ ಸೋಲಬೇಕು ಸರ್?" ಎಂದು ಹುಡುಗಿ ಪಟ್ಟು ಹಿಡಿದಳು. ಅಂದು ಜೈಲಿನಲ್ಲಿದ್ದ ನೆಹರೂ ಅವರಿಗೂ ಇದೇ ಬೇಸರವಿತ್ತು ಎಂದೆ. ಆದರೂ ನಿಯಮವನ್ನು ಬದಲಿಸಿಲ್ಲ, ಏಕೆಂದರೆ ಒಂದು ಠಾಣೆ ಉರಿದರೆ ಉಳಿದೆಲ್ಲ ಠಾಣೆಗಳ ಪೊಲೀಸರು ಆಳುವವರ ಹತ್ತಿರಕ್ಕೇ ಸರಿಯುತ್ತಾರೆ. ಬದಲಿಗೆ ತರಬೇತಿಯ ಸರದಿಯೊಂದನ್ನು ಸೇರಿಸಿದೆ. ನಾಗಪುರದಲ್ಲಿ ಕೆಲವು ವರ್ಷ ಇದ್ದು ಗಾಂಧೀಮಾರ್ಗವನ್ನು ಅಭ್ಯಾಸ ಮಾಡಿದ ಜೇಮ್ಸ್ ಲಾಸನ್, ಅಮೆರಿಕದ ನ್ಯಾಶ್‌ವಿಲ್‌ನಲ್ಲಿ ವಿದ್ಯಾರ್ಥಿಗಳನ್ನು ಕುರ್ಚಿಗಳಲ್ಲಿ ಕೂರಿಸಿ, ಬೇರೆ ವಿದ್ಯಾರ್ಥಿಗಳಿಂದಲೇ ಬೈಯಿಸಿ, ಕುರ್ಚಿಯಿಂದ ಎಳೆಸಿ, ತಿರುಗಿ ಕೈ ಎತ್ತದಂತೆ ಪಳಗಿಸಿದ್ದರು. 1960ರ ಫೆಬ್ರವರಿಯಲ್ಲಿ ಆ ವಿದ್ಯಾರ್ಥಿಗಳು, ಕಪ್ಪು ಜನರಿಗೆ ಕುಳಿತು ತಿನ್ನಲು ಬಿಡದ ಹೋಟೆಲು ಕಟ್ಟೆಗಳ ಮುಂದೆ ಕುಳಿತದ್ದು ಆ ಅಭ್ಯಾಸದ ಬಲದಿಂದ. ಅಹಿಂಸೆಯನ್ನು ಹುಟ್ಟುಗುಣವೆಂದು ಹೊಗಳುವವರಿಗೆ ಈ ಪ್ರಸಂಗ ಅಷ್ಟಾಗಿ ಹಿಡಿಸುವುದಿಲ್ಲ.

ಕಂಡಕ್ಟರ್ ಅವರ ಆಕ್ಷೇಪ ಬೇರೆಯದು. "ಮೇಷ್ಟ್ರೇ, ಮಾಂಟ್‌ಗೊಮರಿಯಲ್ಲಿ 381 ದಿನ ಬಸ್ ಹತ್ತಲಿಲ್ಲ ಅಂತ ಬರೆದಿದ್ದೀರಿ. ಅವರು ಕೆಲಸಕ್ಕೆ ಹೋಗಿದ್ದು ಹೇಗೆ?" ಬಸ್ಸಿನಲ್ಲಿನ ವರ್ಣಭೇದವನ್ನು ವಿರೋಧಿಸಿದ ಅಮೆರಿಕದ ಆ ಊರಿನ ಕಪ್ಪು ಜನರು ನಡೆದು ಹೋದರು, ಹಂಚಿಕೊಂಡ ಕಾರುಗಳಲ್ಲಿ ಹೋದರು, ಚರ್ಚುಗಳು ಕೊಂಡ ವಾಹನಗಳಲ್ಲಿ ಹೋದರು. ಹಾಗಿದ್ದರೆ ಅದಕ್ಕೂ ಒಂದು ಲೆಕ್ಕ ಇರಬೇಕಲ್ಲ ಎಂದರು. ಈಗ ಪ್ರತಿ ಸುತ್ತಿಗೂ ಅಕ್ಕಿ, ಹಣ, ವಾಹನಗಳ ಖರ್ಚು ಕಳೆಯುತ್ತದೆ, ಮತ್ತು ಹರತಾಳ ಹೂಡಿದ ಆಟಗಾರನು ತನ್ನವರನ್ನು ಎಷ್ಟು ಸುತ್ತು ಸಾಕಬಲ್ಲ ಎಂಬುದು ಆಟದ ದೊಡ್ಡ ಚಿಂತೆಯಾಗಿದೆ.

ನಡುಮನೆಯಲ್ಲಿ ಬಾಹುಬಲಿಯ ಚಿತ್ರವಿರಲಿ ಎಂಬ ಸಹೋದ್ಯೋಗಿಯ ಸಲಹೆಯನ್ನು ಒಪ್ಪಲಾಗಲಿಲ್ಲ. ಎರಡು ಸೇನೆಗಳ ರಕ್ತಪಾತವನ್ನು ತಪ್ಪಿಸಲು ಭರತ-ಬಾಹುಬಲಿಯರು ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧಗಳಿಗೆ ಒಪ್ಪಿದ್ದು ಹಿಂಸೆಗೆ ಹಾಕಿದ ಮಿತಿ. ಗೆದ್ದವನು ರಾಜ್ಯವನ್ನು ಬಿಟ್ಟು ತಪಸ್ಸಿಗೆ ನಿಂತದ್ದು ತ್ಯಾಗ. ಸತ್ಯಾಗ್ರಹಿಯಾದವನು ಕಣವನ್ನು ಬಿಡುವಂತಿಲ್ಲ. ಆದರೂ 'ಇಬ್ಬರಲ್ಲೇ ತೀರಲಿ' ಎಂಬ ಚೀಟಿಯೊಂದನ್ನು ಅವರಿಗಾಗಿ ಬರೆದಿದ್ದೇನೆ.

ಇಂದಿನ ಸಂಘರ್ಷಗಳಿಗೆ ಬಂದಾಗ ಮಣೆಯೇ ಸಾಲದಾಯಿತು. ಮ್ಯಾನ್ಮಾರ್‌ನಲ್ಲಿ 2021ರ ಫೆಬ್ರವರಿ 1ರಂದು ಸೇನೆ ಅಧಿಕಾರ ಹಿಡಿದಾಗ ವೈದ್ಯರು, ಶಿಕ್ಷಕರು, ರೈಲ್ವೆ ಮತ್ತು ಬ್ಯಾಂಕ್ ನೌಕರರು ಕೆಲಸ ನಿಲ್ಲಿಸಿದರು, ಜನರು ರಾತ್ರಿ ಪಾತ್ರೆ ಬಡಿದರು. ನನ್ನ ಲೆಕ್ಕದಲ್ಲಿ ಅಷ್ಟು ಮನೆಗಳು ಬಿದ್ದರೆ ನಡುಮನೆ ಉಳಿಯಬಾರದು. ಆದರೆ ಅಲ್ಲಿನ ಸೇನೆಗೆ ಸ್ವಂತ ಕಂಪನಿಗಳು, ಸ್ವಂತ ಆಸ್ಪತ್ರೆಗಳಿವೆ. ಜನರ ಸಹಕಾರ ಅದಕ್ಕೆ ಅಷ್ಟಾಗಿ ಬೇಕಿರಲಿಲ್ಲ. ಗುಂಡು ಹಾರಿತು, ಅನೇಕ ಯುವಕರು ಬಂದೂಕು ಹಿಡಿದರು. ಆದ್ದರಿಂದ ಪ್ರತಿ ಮನೆಗೂ 'ದೂರ' ಎಂಬ ಅಂಕಿಯನ್ನು ಕೊಟ್ಟೆ: ಜಾರಿಗೊಳಿಸುವವರು ಜನರಿಂದ ದೂರವಿದ್ದಷ್ಟೂ ಅವರನ್ನು ಅಲುಗಿಸುವುದು ಕಷ್ಟ. ಆದರೆ ಭಾಷೆ, ಧರ್ಮಗಳಿಂದಲೇ ಈ ದೂರವನ್ನು ಅಳೆಯುವಂತಿಲ್ಲ. 1930ರ ಏಪ್ರಿಲ್ 23ರಂದು ಪೇಶಾವರದಲ್ಲಿ ಪಠಾಣರ ಗುಂಪಿನ ಮೇಲೆ ಗುಂಡು ಹಾರಿಸಲು ಬ್ರಿಟಿಷರ ಸೇನೆಯಲ್ಲಿದ್ದ ಚಂದ್ರಸಿಂಗ್ ಗಢವಾಲಿ ಮತ್ತು ಅವರ ಸಂಗಡಿಗ ಸೈನಿಕರು ನಿರಾಕರಿಸಿದರು. ಆ ಪಠಾಣರು ಅವರಿಗೆ ಊರಿನವರೂ ಅಲ್ಲ, ಮತದವರೂ ಅಲ್ಲ. ಹಾಗಾಗಿ ದೂರವನ್ನು ಕಡಿಮೆ ಮಾಡುವ ಚೀಟಿಗಳಿಗೂ ಜಾಗ ಮಾಡಿದ್ದೇನೆ.

ನೆಲವೇ ಬೇಕು, ಜನ ಬೇಡ ಎಂದು ದಂಡೆತ್ತಿ ಬರುವವನ ಮುಂದೆ, ಡ್ರೋನ್ ಹಾರಿಸುವವನು ಮುಖವನ್ನೇ ಕಾಣದಿರುವಲ್ಲಿ, ಈ ಮಣೆ ಕೆಲಸ ಮಾಡುವುದಿಲ್ಲ. ಅಂಥ ಸನ್ನಿವೇಶವನ್ನು ಕೈಬಿಟ್ಟಿದ್ದೇನೆ. ಆಕ್ರಮಿಸಿದವನು ಉಳಿದು ಆಳಬಯಸಿದರೆ ಮಾತು ಬೇರೆ. 1942ರಲ್ಲಿ ನಾಜಿ ಜರ್ಮನಿಯ ವಶದಲ್ಲಿದ್ದ ನಾರ್ವೆಯ ಶಿಕ್ಷಕರು ನಾಜಿ ಪರ ಸಂಘವನ್ನು ಸೇರಲು ಒಪ್ಪದೆ ಸುಮಾರು ಸಾವಿರ ಮಂದಿ ಬಂಧನಕ್ಕೊಳಗಾದರು. ಆಕ್ರಮಣ 1945ರವರೆಗೂ ಮುಂದುವರಿಯಿತು, ಶಾಲೆಗಳು ಮಾತ್ರ ನಾಜಿಗಳ ಕೈಗೆ ಹೋಗಲಿಲ್ಲ. ಹೀಗಾಗಿ ಈ ಸನ್ನಿವೇಶದಲ್ಲಿ ನಡುಮನೆಯನ್ನು ಬೀಳಿಸಬೇಕಿಲ್ಲ; ಶಿಕ್ಷಕರ ಮನೆಯೊಂದನ್ನು ಕೊನೆಯವರೆಗೆ ಕಾಯ್ದುಕೊಂಡರೆ ಗೆಲುವು. ಶಾಲೆಗಳನ್ನೇ ಮುಚ್ಚಿಬಿಡುವ ಹಕ್ಕನ್ನು ಆಕ್ರಮಣಕಾರನಿಗೆ ಎಷ್ಟು ಸಲ ಕೊಡಬೇಕೆಂಬುದು ಇನ್ನೂ ಇತ್ಯರ್ಥವಾಗಿಲ್ಲ. ಒಂದೇ ಸಲ ಸಾಕೆಂದು ಹುಡುಗಿ ಹೇಳುತ್ತಾಳೆ, ಮಿತಿಯೇ ಬೇಡವೆಂದು ಕಂಡಕ್ಟರ್ ಹೇಳುತ್ತಾರೆ. ಮುಂದಿನ ವಾರ ಎರಡೂ ರೀತಿಯಲ್ಲಿ ಆಡಿ ನೋಡಲಿದ್ದೇವೆ.