ಗೂಡುದೀಪದ ತಿರುಚು ಕೊನೆಗೂ ನಿಂತಿತು

ಜಗಲಿಯಲ್ಲಿ ತೂಗುತ್ತಿರುವ ಗೂಡುದೀಪ ಹಿಂಗಾರಿನ ಗುಡುಗು ಮಳೆ, ಅದರ ಹಿಂದೆ ಬರುವ ಸೆಕೆ, ಮತ್ತೆ ಮಳೆ, ಎಲ್ಲ ಕಂಡಿತು. ಆದರೂ ನೆಟ್ಟಗೇ ಇದೆ. ಒಂದು ಚೌಕವೂ ಓರೆಯಾಗಿಲ್ಲ, ಕಾಗದ ಎಲ್ಲೂ ಹರಿದಿಲ್ಲ. ತೇವಕ್ಕೆ ಗೂಡು ತಿರುಚಿಕೊಳ್ಳುವ, ಇಷ್ಟು ದಿನ ತಲೆ ತಿಂದ ಸಮಸ್ಯೆ ಬಿಡಿಸಿದ್ದು ಏನು ಗೊತ್ತಾ? ಹತ್ತಿ ದಾರ. ಅದೇ ಕತೆ ಇವತ್ತು ಪೂರ್ತಿ ಬರೆಯುತ್ತೇನೆ. ಕಡ್ಡಿ ಸೀಳುವುದು, ಹೆರೆಯುವುದು, ಕಾಗದ ಕತ್ತರಿಸುವುದು ನಿಮಗೆ ಗೊತ್ತಿದ್ದದ್ದೇ, ಅದನ್ನು ಬಿಡುತ್ತೇನೆ.

ಹೊಸಬರಿಗಾಗಿ ಯೋಜನೆ ಏನು ಅಂತ ಚುಟುಕಾಗಿ ಹೇಳುತ್ತೇನೆ. ಮಂಗಳೂರಿನ ನಮ್ಮ ಓಣಿಯಲ್ಲಿ ಈ ದೀಪಾವಳಿಗೆ ಪಟಾಕಿ ದುಡ್ಡಿನ ಒಂದು ಪಾಲನ್ನು ಎಲ್ಲರೂ ಒಂದು ಡಬ್ಬಿಗೆ ಹಾಕುತ್ತೇವೆ. ಹಾಕಿದ ಮನೆಗೆ ಬಿದಿರು ಮತ್ತು ಕಾಗದದ ಒಂದು ಗೂಡುದೀಪ. ದುಡ್ಡು ನಮ್ಮ ಬೀದಿ ಗುಡಿಸುವ ಪೌರಕಾರ್ಮಿಕರಿಗೆ. ಹಬ್ಬದ ಮಾರನೇ ಬೆಳಿಗ್ಗೆ ಚರಂಡಿಯಲ್ಲಿ ನೆನೆದು ಅಂಟಿಕೊಂಡ ಪಟಾಕಿ ಚೂರುಗಳನ್ನು ಕೆರೆದು ತೆಗೆಯುವವರು ಅವರೇ ಅಲ್ವಾ? 2018ರಲ್ಲಿ ಸುಪ್ರೀಂ ಕೋರ್ಟ್ ದೀಪಾವಳಿಗೆ ಹಸಿರು ಪಟಾಕಿ ಮಾತ್ರ, ಅದೂ ರಾತ್ರಿ 8ರಿಂದ 10ರವರೆಗೆ ಎಂದಿತು. ಆದರೆ ಹಸಿರು ಪಟಾಕಿಯ ಕಸವನ್ನೂ ಯಾರೋ ಒಬ್ಬರು ಬಗ್ಗಿ ಹೆಕ್ಕಲೇಬೇಕು. ಸಿಹಿ ಪೊಟ್ಟಣ ಕೊಡೋಣವೇ ಎಂದು ಕೇಳಿದಾಗ ಅವರಲ್ಲಿ ಒಬ್ಬ ಅಕ್ಕ ಹೇಳಿದರು: "ಸಿಹಿ ಎಲ್ಲರೂ ಕೊಡ್ತಾರೆ. ಮಕ್ಕಳ ಬಟ್ಟೆಗೆ ದುಡ್ಡು ಕೊಡಿ, ಅಂಗಡಿಗೆ ನಾವೇ ಹೋಗಿ ಆರಿಸ್ತೇವೆ." ಅಲ್ಲಿಗೆ ತೀರ್ಮಾನವಾಯಿತು.

ಈಗ ವಿಷಯಕ್ಕೆ ಬರೋಣ. ನಮ್ಮ ಊರಿನ ಹಳೆ ಮಾದರಿ ಗೂಡುದೀಪಕ್ಕೆ ಒಂದೇ ಅಳತೆಯ 24 ಕಡ್ಡಿ ಬೇಕು. ನಾಲ್ಕು ಚೌಕಗಳನ್ನು ಮೂಲೆ ಮೇಲೆ ನಿಲ್ಲಿಸಿ, ಬದಿಯ ಮೂಲೆಗಳನ್ನು ಒಂದಕ್ಕೊಂದು ಕಟ್ಟಿದರೆ ಸುತ್ತು ಮುಗಿಯಿತು. ಮೇಲೊಂದು, ಕೆಳಗೊಂದು ಚೌಕ. ಒಟ್ಟು 6 ಚೌಕ, 8 ತ್ರಿಕೋನ, 12 ಮೂಲೆ. ಪ್ರತಿ ಮೂಲೆಯಲ್ಲೂ ನಾಲ್ಕು ಕಡ್ಡಿ ಸೇರುತ್ತವೆ. ನಾನು ಕಡ್ಡಿಗೆ 20 ಸೆಂಟಿಮೀಟರ್ ಇಟ್ಟಿದ್ದೇನೆ. ಆಗ ಎದುರುಬದುರು ಮೂಲೆಗಳ ನಡುವೆ ಸರಿಯಾಗಿ 40 ಬರುತ್ತದೆ, ಅಂದರೆ ಕಡ್ಡಿಯ ಎರಡರಷ್ಟು. ನೋಡಲು ಎಷ್ಟು ಚೆಂದದ ಲೆಕ್ಕ!

ಚೆಂದ ಏನೋ ಸರಿ, ಆದರೆ ಗೂಡು ನಿಲ್ಲುವುದಿಲ್ಲ. ಕಾಗದ ಹಚ್ಚಿ ಒಣಗಿಸಿದಾಗ ಗಟ್ಟಿಯಾಗಿರುತ್ತದೆ. ಮಧ್ಯಾಹ್ನ ಮೋಡ ಕಟ್ಟಿತು ಅನ್ನುವಾಗ ಕಾಗದ ಸಡಿಲವಾಗುತ್ತದೆ. ಗೂಡು ನಿಧಾನವಾಗಿ ತಿರುಚಿಕೊಳ್ಳುತ್ತದೆ. ಚೌಕಗಳು ಓರೆಯಾಗುತ್ತವೆ, ಮೂಲೆಯಲ್ಲಿ ಕಾಗದ ಪಟ್ ಅಂತ ಹರಿಯುತ್ತದೆ. ಪಕ್ಕದ ಮನೆಯ ಪುಟ್ಟ ಹುಡುಗಿ ಬಂದು, "ಗೂಡುದೀಪಕ್ಕೆ ತಲೆಸುತ್ತು ಬಂದಿದೆಯಾ ಮಾಮ?" ಎಂದು ಕೇಳಿದಳು. ಮನೆಯವರೆಲ್ಲ ನಕ್ಕು ನಕ್ಕು ಸುಸ್ತು.

ನನಗೆ ಮೊದಲು ಅನುಮಾನ ಬಂದದ್ದು ಬಿದಿರಿನ ಮೇಲೆ. ಕಾರಣವೂ ಇತ್ತು. ಮರದ ಡಿಪೋದವರು ಕೊಟ್ಟದ್ದು ಎಳೆ ಬಿದಿರು. "ಬೆಳೆದದ್ದೇ, ಕಣ್ಣು ಮುಚ್ಚಿ ತಗೊಳ್ಳಿ" ಎಂದಿದ್ದರು. ಕನಿಷ್ಠ ಮೂರು ವರ್ಷ ಬಲಿಯದ ಬಿದಿರು ಒಣಗುವಾಗ ಕುಗ್ಗಿ ಸೊಟ್ಟಗಾಗುತ್ತದೆ. ಬಿದಿರಿನಲ್ಲಿ ಪಿಷ್ಟವೂ ಇರುತ್ತದೆ, ಹಾಗಾಗಿ ಹುಳ ಬಿಡುವುದಿಲ್ಲ. ಗಳದ ಕೆಳಗೆ ಬಿಳಿ ಹಿಟ್ಟು ಉದುರಿದ್ದು ಕಂಡಾಗ ಸಿಟ್ಟು ಬಂತು. ಕಾಡಿನಿಂದ ಒಂದು ಗಳ ಕಡಿದು ತಂದು ಹೀಗೆ ಹಾಳು ಮಾಡುವುದು ಅನ್ಯಾಯ.

ಆಮೇಲೆ ಬುಟ್ಟಿ ಹೆಣೆಯುವ ಕೊರಗ ಸಮುದಾಯದ ಒಬ್ಬರು ಅಜ್ಜಿಯ ಹತ್ತಿರ ಹೋದೆ. ಅವರ ಕತ್ತಿ ಕೆಲಸ ನೋಡುವುದೇ ಒಂದು ಪಾಠ. ಸೀಳು ಒಂದು ಬದಿಗೆ ಜಾರಿ ಕಡ್ಡಿ ತೆಳ್ಳಗಾಗುತ್ತಾ ಬಂದರೆ ಅವರು ಕತ್ತಿಯನ್ನು ತಿರುಗಿಸುವುದಿಲ್ಲ. ದಪ್ಪಗಿರುವ ಬದಿಯನ್ನು ಬಗ್ಗಿಸುತ್ತಾರೆ, ಸೀಳು ತಾನಾಗಿ ನಡುವಿಗೆ ಬರುತ್ತದೆ. ಒಳಗಿನ ಮೆತ್ತನೆ ಪದರ ಬಿಸಾಡಿ, ಹೊರಗಿನ ಸಿಪ್ಪೆಯ ಕಡೆಯದ್ದನ್ನು ಮಾತ್ರ ಇಟ್ಟುಕೊಳ್ಳುತ್ತಾರೆ. ಬಲ ಇರುವುದೇ ಅಲ್ಲಿ. ಎಲ್ಲ ಕಡ್ಡಿಯನ್ನೂ ಅವರಿಂದಲೇ ತಗೊಂಡೆ. ಹೇಳಿದ ಬೆಲೆಗೇ ತಗೊಂಡೆ, ಚೌಕಾಸಿ ಮಾಡಲಿಲ್ಲ. ಡಬ್ಬಿಯ ದುಡ್ಡಿಗೂ ಇದಕ್ಕೂ ಸಂಬಂಧವಿಲ್ಲ. ಅದು ಹಬ್ಬದ ಉಡುಗೊರೆ, ಇದು ಕಸುಬಿನ ಕೂಲಿ. ಇವೆರಡನ್ನು ಬೆರೆಸಬಾರದು ಎನ್ನುವುದರಲ್ಲಿ ನಾನು ಗಟ್ಟಿ.

ಕಡ್ಡಿ ಬಂಗಾರದಂಥದ್ದು ಬಂತು. ಗೂಡು ಆಗಲೂ ತಿರುಚಿತು!

ಆಮೇಲೆ ಅಂಟಿನ ಮೇಲೆ ಅನುಮಾನ. ಮೈದಾ ಅಂಟಿಗೆ ಜಿರಳೆ ಬರುತ್ತದೆ ಅಂತ ಮೈಲುತುತ್ತು ಹಾಕುವ ರೂಢಿ ಇದೆ. ಅದು ನೀರಿಗೆ ಸೇರಿದರೆ ಮೀನಿಗೆ ವಿಷ, ನನಗೆ ಬೇಡ. ಹುಣಸೆ ಬೀಜ ಹುರಿದು, ನೆನೆಸಿ, ಸಿಪ್ಪೆ ತೆಗೆದು ರುಬ್ಬಿ, ಕುದಿಸಿ ಅಂಟು ಮಾಡಿದೆ. ಕೊಪ್ಪಳದ ಕಿನ್ನಾಳದ ಮರದ ಗೊಂಬೆಗಳಿಗೂ ಹುಣಸೆ ಬೀಜದ ಅಂಟೇ. ಅಂಟು ತುಂಬಾ ಚೆನ್ನಾಗಿ ಹಿಡಿಯಿತು. ಎಷ್ಟು ಚೆನ್ನಾಗಿ ಅಂದರೆ, ಗೂಡು ತಿರುಚಿದಾಗ ಕಾಗದ ಹರಿಯಿತೇ ಹೊರತು ಅಂಟು ಬಿಡಲಿಲ್ಲ.

ಕೊನೆಗೆ ಕಾಗದ ಬಿಟ್ಟು ಬರೀ ಹಂದರ ಅರ್ಥ ಮಾಡಿಕೊಳ್ಳೋಣ ಎಂದು ಕೂತೆ. ಹಿಡಿಸೂಡಿಯಿಂದ, ಅಂದರೆ ಕಡ್ಡಿ ಪೊರಕೆಯಿಂದ, 24 ಕಡ್ಡಿ ಎಳೆದು, ಒಂದೇ ಅಳತೆಗೆ ಮುರಿದು, ದಾರದಿಂದ ಮೂಲೆ ಕಟ್ಟಿ ಪುಟ್ಟ ಗೂಡು ಮಾಡಿದೆ. ಒಂದು ತ್ರಿಕೋನವನ್ನು ನೆಲಕ್ಕೆ ಇಟ್ಟು, ಮೇಲಿನ ತ್ರಿಕೋನವನ್ನು ಬೆರಳಿಂದ ಮೆಲ್ಲಗೆ ಒತ್ತಿದೆ. ಗೂಡು ತಿರುಗುತ್ತಾ ಕುಗ್ಗಿತು. ಎಲ್ಲ ಚೌಕಗಳೂ ಒಟ್ಟಿಗೇ ಓರೆಯಾಗಿ, ಕೊನೆಗೆ ಚಪ್ಪಟೆಯಾಗಿ ಮುಚ್ಚಿಕೊಂಡವು. 24 ಕಡ್ಡಿಗಳು ಜೋಡಿ ಜೋಡಿಯಾಗಿ ಅಂಟಿ 12 ಆದವು. ಕೈಯಲ್ಲಿ ಉಳಿದದ್ದು ಎಂಟು ತ್ರಿಕೋನದ ಒಂದು ಸಣ್ಣ ಗೂಡು!

ತ್ರಿಕೋನ ಅಲುಗುವುದಿಲ್ಲ, ಚೌಕ ಅಲುಗುತ್ತದೆ. ಇಡೀ ಕತೆ ಇಷ್ಟೇ. ಈ ಆಕಾರ ತನ್ನ ಗುಣದಿಂದಲೇ ತಿರುಚುತ್ತದೆ, ಬಿದಿರಿನದ್ದೂ ಅಂಟಿನದ್ದೂ ಏನೂ ತಪ್ಪಿಲ್ಲ. ಅಮೆರಿಕದ ವಾಸ್ತುಶಿಲ್ಪಿ ಬಕ್‌ಮಿನ್‌ಸ್ಟರ್ ಫುಲ್ಲರ್ ಈ ಚಲನೆಗೆ ಜಿಟರ್‌ಬಗ್ ಎಂದು ಒಂದು ಕುಣಿತದ ಹೆಸರನ್ನೇ ಇಟ್ಟಿದ್ದರು. ನಮ್ಮ ಗೂಡುದೀಪದಲ್ಲಿ ಇದುವರೆಗೆ ಚೌಕವನ್ನು ಹಿಡಿದು ನಿಲ್ಲಿಸುತ್ತಿದ್ದದ್ದು ಬರೀ ಬಿಗಿ ಕಾಗದ. ಅದು ತೇವಕ್ಕೆ ಸಡಿಲವಾದ ಕೂಡಲೇ ಹಿಡಿಯುವವರೇ ಇಲ್ಲ.

ಮದ್ದು ಸುಲಭ. ಪ್ರತಿ ಚೌಕಕ್ಕೂ ಮೂಲೆಯಿಂದ ಎದುರು ಮೂಲೆಗೆ ಕರ್ಣ ಕೊಟ್ಟರೆ ಅದೂ ಎರಡು ತ್ರಿಕೋನವಾಗುತ್ತದೆ. ಕಡ್ಡಿಯಾದರೆ ಚೌಕಕ್ಕೆ ಒಂದು ಸಾಕು. ಆದರೆ ದೀಪ ಹಚ್ಚಿದಾಗ ಅದರ ದಪ್ಪ ನೆರಳು ಬೀಳುತ್ತದೆ. ದಾರವಾದರೆ ನೆರಳು ಕಾಣುವುದೇ ಇಲ್ಲ. ಆದರೆ ದಾರ ಎಳೆಯಬಲ್ಲದು, ತಳ್ಳಲಾರದು. ಹಾಗಾಗಿ ಅಡ್ಡಡ್ಡ ಎರಡು ಬೇಕು. 20ರ ಚೌಕಕ್ಕೆ ಕರ್ಣ 28.3 ಸೆಂಟಿಮೀಟರ್. ಎಲ್ಲದಕ್ಕೂ ಇದೇ ಅಳತೆ ಬಂದರೆ ಗೂಡು ನೆಟ್ಟಗಿದೆ ಎಂದೇ ಅರ್ಥ.

ಮೊದಲು ನೈಲಾನ್ ದಾರ ಕಟ್ಟಿ ನೋಡಿದ್ದೆ, ಹೇಗೂ ಮನೆಯಲ್ಲಿತ್ತು. ಮಳೆ ದಿನ ಅದೂ ಕಾಗದದ ಜೊತೆ ಸಡಿಲವಾಯಿತು. ಹತ್ತಿ ದಾರದ ಸ್ವಭಾವ ಉಲ್ಟಾ. ಹುರಿ ಮಾಡಿದ ಹತ್ತಿ ದಾರಕ್ಕೆ ತೇವ ತಾಗಿದರೆ ಎಳೆಗಳು ಉಬ್ಬುತ್ತವೆ, ಹುರಿ ಬಿಗಿಯುತ್ತದೆ, ದಾರದ ಉದ್ದ ಕಡಿಮೆಯಾಗುತ್ತದೆ. ಅಂದರೆ ಕಾಗದ ಕೈಬಿಡುವ ಹೊತ್ತಿಗೇ ದಾರ ಹಿಡಿದುಕೊಳ್ಳುತ್ತದೆ. ಬಿಸಿಲು ಬಂದಾಗ ಕಾಗದ ಮತ್ತೆ ಬಿಗಿಯುತ್ತದೆ. ಇದು ಕಣ್ಣೆದುರು ಕೆಲಸ ಮಾಡುವುದನ್ನು ನೋಡಿದ ಖುಷಿ ಹೇಳತೀರದು! ಮೂರೆಳೆ, ನಾಲ್ಕೆಳೆ ಹುರಿಯದ್ದೇ ತಗೊಳ್ಳಿ. ಹೊಲಿಗೆಯ ಒಂಟಿ ನೂಲು ಸಾಲದು.

ಇನ್ನೊಂದು ಲಾಭವೂ ಸಿಕ್ಕಿತು. ಹಬ್ಬ ಮುಗಿದ ಮೇಲೆ ಕಾಗದ ಕಿತ್ತು, ಕರ್ಣದ ದಾರ ಬಿಚ್ಚಿದರೆ ಗೂಡು ಹಾಗೇ ಮಡಚಿಕೊಳ್ಳುತ್ತದೆ. ಆಗ ಅದು ಹಿಡಿಯುವ ಜಾಗ ಮೊದಲಿನ ಐದನೇ ಒಂದು ಪಾಲು. ಓಣಿಯ ಎಲ್ಲ ಗೂಡುಗಳನ್ನೂ ನಮ್ಮ ಅಟ್ಟದಲ್ಲೇ ಇಡಬಹುದು. ಮುಂದಿನ ವರ್ಷ ಕಾಗದ ಮಾತ್ರ ಹೊಸದು. ಮೂಲೆಗಳಿಗೆ ಅಂಟು ಹಚ್ಚಿ ಗಟ್ಟಿ ಮಾಡಬೇಡಿ, ದಾರದ ಕಟ್ಟೇ ಇರಲಿ.

ಮಾರುಕಟ್ಟೆಯ ಬಗ್ಗೆ ಒಂದು ಮಾತು. "ಬಟ್ಟೆ ಗೂಡುದೀಪ, ಪರಿಸರಕ್ಕೆ ಒಳ್ಳೆಯದು" ಎಂದು ಮಾರುವ ಬಹಳಷ್ಟು ದೀಪಗಳು ನಾನ್‌ವೋವನ್‌ನವು. ಅದು ಹತ್ತಿಯಲ್ಲ, ಪಾಲಿಪ್ರೊಪಿಲೀನ್, ಅಂದರೆ ಪ್ಲಾಸ್ಟಿಕ್. ಹರಿದರೆ ಮಣ್ಣಾಗುವುದಿಲ್ಲ. ಒಂದು ಅಂಗಡಿಯಲ್ಲಿ ಇದನ್ನು ಹೇಳಿದರೆ, "ಮುಟ್ಟಿ ನೋಡಿ, ಬಟ್ಟೆ ತರಾನೇ ಇದೆಯಲ್ಲ" ಎಂದು ವಾದಿಸಿದರು. ಗಾಳಿಪಟದ ಕಾಗದ ಮಾರುವವರಿಗೂ ಒಂದು ವಿನಂತಿ: ದಯವಿಟ್ಟು ಮಡಚಬೇಡಿ, ಸುರುಳಿ ಸುತ್ತಿ ಕೊಡಿ. ಮಡಿಕೆ ಬಿದ್ದ ಗೆರೆಯಲ್ಲೇ ಮೊದಲು ಹರಿಯುವುದು. ಚೂರು ಸುಕ್ಕಿದ್ದರೆ, ಅಂಟಿಸಿ ಒಣಗಿದ ಮೇಲೆ ತೆಳ್ಳಗೆ ನೀರು ಸಿಂಪಡಿಸಿ ನೆರಳಲ್ಲಿ ಬಿಡಿ. ಕಾಗದ ಬಿಗಿದುಕೊಳ್ಳುತ್ತದೆ.

ಈ ನಡುವೆ ಮನಸ್ಸು ಆಗಲೇ ಡಿಸೆಂಬರಿಗೆ ಓಡಿದೆ. ಎದುರು ಮನೆಯ ಬಾಯಮ್ಮ ಪ್ರತಿ ಕ್ರಿಸ್‌ಮಸ್‌ಗೆ ನೆವ್ರಿ, ಕಿಡಿಯೊ, ಗುಳಿಯೊ ತುಂಬಿದ ಕುಸ್ವಾರ್, ಅಂದರೆ ಹಬ್ಬದ ತಿಂಡಿಗಳ ತಟ್ಟೆ ಕಳಿಸುತ್ತಾರೆ. ಡಬ್ಬಿಗೆ ಮೊದಲು ದುಡ್ಡು ಹಾಕಿದವರೂ ಅವರೇ. ಅವರ ಗೋದಲಿಯ ಮೇಲೆ ಪ್ರತಿ ವರ್ಷ ಪ್ಲಾಸ್ಟಿಕ್ ನಕ್ಷತ್ರ ತೂಗುತ್ತದೆ. ಈ ಸಲ ಉಳಿದ ಬಿದಿರಿನಲ್ಲಿ ನಾನೇ ಮಾಡಿಕೊಡುತ್ತೇನೆ ಎಂದಿದ್ದೇನೆ. ಐದು ಉದ್ದ ಕಡ್ಡಿಯ ಎರಡು ನಕ್ಷತ್ರ, ಐದು ತುದಿಗಳನ್ನು ಸೇರಿಸಿ ಕಟ್ಟುವುದು, ಒಳಗೆ ಕಡ್ಡಿಗಳು ದಾಟುವ ಐದು ಜಾಗದಲ್ಲಿ ಪುಟ್ಟ ಕಡ್ಡಿ ಸಿಕ್ಕಿಸಿ ಉಬ್ಬಿಸುವುದು. ಅಲ್ಲಿ ತಿರುಚಿನ ತಾಪತ್ರಯವೇ ಇಲ್ಲ, ಐದೂ ಮೂಲೆಗಳು ತ್ರಿಕೋನ. 60 ಸೆಂಟಿಮೀಟರ್ ಕಡ್ಡಿಯಾದರೆ ಎರಡೂ ತುದಿಯಿಂದ 22.9ಕ್ಕೆ ಗುರುತು ಹಾಕಿ, ದಾಟುವ ಜಾಗ ಅಲ್ಲೇ ಬರುತ್ತದೆ.

ಸದ್ಯಕ್ಕೆ ಗೂಡುದೀಪಕ್ಕೇ ವಾಪಸ್. ಹಂದರಗಳೆಲ್ಲ ಸಿದ್ಧವಾಗಿವೆ, ಕರ್ಣ ಕಟ್ಟುವ ಕೆಲಸವನ್ನು ಓಣಿಯ ಮಕ್ಕಳು ವಹಿಸಿಕೊಂಡಿದ್ದಾರೆ. ಒಳಗೆ 3 ವ್ಯಾಟ್ ಎಲ್‌ಇಡಿ, ಕಾಗದಕ್ಕೆ ಬಿಸಿ ತಾಗುವುದಿಲ್ಲ. ಉಳಿದಿರುವ ತಲೆನೋವು ಒಂದೇ: ಕೆಂಪು ಕಾಗದ ನೆನೆದರೆ ಬಣ್ಣ ಬಿಡುತ್ತದೆ, ಕೆಳಗಿನ ಬಿಳಿ ಬಾಲಂಗೋಚಿ ಗುಲಾಬಿಯಾಗುತ್ತದೆ. ಸ್ಪಿರಿಟ್‌ನಲ್ಲಿ ಕರಗಿಸಿದ ಅರಗನ್ನು ತೆಳ್ಳಗೆ ಬಳಿದು ನೋಡಬೇಕೆಂದಿದ್ದೇನೆ. ನಿಮ್ಮಲ್ಲಿ ಯಾರಾದರೂ ಬಳಿದು ನೋಡಿದ್ದರೆ, ಕಾಗದ ಹಳದಿಯಾಗುತ್ತದಾ ಅಂತ ಹಬ್ಬಕ್ಕೆ ಮೊದಲೇ ತಿಳಿಸಿ.