ತಿರುವಿಗೆ ಮುಂಚಿನ ಹೆಜ್ಜೆ

ಖೊ-ಖೊ ಆಟದಲ್ಲಿ ನನಗೆ ತಪ್ಪಿಸಿಕೊಂಡು ಓಡುವವರ ಕಾಲು ನೋಡೋ ಚಟ. ಅಟ್ಟಿಸಿಕೊಂಡು ಬರುವವರು ಒಮ್ಮೆ ದಿಕ್ಕು ಹಿಡಿದರೆ ನಡುವೆ ವಾಪಸ್ ತಿರುಗುವಂತಿಲ್ಲ. ಓಡುವವರಿಗೆ ಆ ಕಟ್ಟುಪಾಡಿಲ್ಲ. ಅವರ ಬಂಡವಾಳವೇ ಅದು.

ತಿರುಗುವ ಹೆಜ್ಜೆಯೇ ಮುಖ್ಯ ಅನ್ನಿಸುತ್ತೆ, ಅಲ್ವಾ? ಅಸಲಿ ಕೆಲಸ ಅದಕ್ಕೂ ಹಿಂದಿನ ಹೆಜ್ಜೆಯಲ್ಲೇ ಶುರು. ಮಂಡಿ ಮಡಚಿ, ಸೊಂಟ ತಗ್ಗಿಸಿ ವೇಗಕ್ಕೆ ಬ್ರೇಕ್ ಹಾಕುತ್ತಾರೆ. ಆಮೇಲೆ ಪಾದವನ್ನು ಮೈಯಿಂದ ಆಚೆಗೆ ಊರಿ ನೆಲವನ್ನು ಒದೆಯುತ್ತಾರೆ. ಎಡಕ್ಕೆ ಹೋಗಬೇಕಾದರೆ ಬಲಕ್ಕೆ ಒದೆತ. ನೆಲ ಅಷ್ಟೇ ಜೋರಾಗಿ ತಿರುಗಿ ತಳ್ಳುತ್ತೆ. ಬ್ರೇಕ್ ಸಾಲದೆ, ಮಂಡಿ ಒಳಕ್ಕೆ ವಾಲಿತೋ, ಎಸಿಎಲ್ ಅನ್ನೋ, ಮಂಡಿಯೊಳಗೆ ಮೂಳೆಗಳನ್ನು ಹಿಡಿದಿಡುವ ಪಟ್ಟಿಯ (ಲಿಗಮೆಂಟ್) ಮೇಲೆ ಭಾರ ಜಾಸ್ತಿ. ಯಾರೂ ಮುಟ್ಟದಿದ್ದರೂ ಅದು ಹರಿಯಬಹುದು. ಮಕ್ಕಳಿಗೆ ಸುಮ್ನೆ ಮೈದಾನ ಸುತ್ತಿಸುತ್ತೇವೆ. ನಿಲ್ಲೋದನ್ನು ಕಲಿಸುವವರು ಕಡಿಮೆ.

ಅಂಗಣದ ಎರಡೂ ತುದಿಯಲ್ಲಿರೋ ಕಂಬದ ಹತ್ತಿರ ಮಜಾನೇ ಬೇರೆ. ಅಲ್ಲಿ ಬೆನ್ನಟ್ಟುವವರೂ ತಿರುಗಬಹುದು. ಕೈಯಲ್ಲಿ ಕಂಬ ಹಿಡಿದು ಗಿರ್ರನೆ ಸುತ್ತುತ್ತಾರೆ. ಮೈಯನ್ನು ಒಳಕ್ಕೆ ಎಳೆಯುವ ಬಲದಲ್ಲಿ ಒಂದು ಪಾಲು ತೋಳಿನಿಂದಲೇ ಬರುತ್ತೆ. ಹಾಗಾಗಿ ಕಾಲಿಗೆ ಅಷ್ಟು ಬ್ರೇಕ್ ಹಾಕಬೇಕಿಲ್ಲ, ವೇಗವೂ ಹೆಚ್ಚು ಉಳಿಯುತ್ತೆ. ನಾನಂತೂ ಕಂಬದ ಪಕ್ಕವೇ ಜಾಗ ಹಿಡಿಯುತ್ತೇನೆ.