ಬದಿಯಡ್ಕದಿಂದ ರಾಣಿಪುರದ ಬುಡಕ್ಕೆ: ಟ್ರೈಲರಿನ ಇನ್ವರ್ಟರ್ ಮತ್ತು ಪರರ ಮನೆಯ ಪ್ಲಗ್ಗು

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ನಮ್ಮ ಮನೆಯಿಂದ ಹೊರಟು, ಅನಂತಪುರದ ಸರೋವರ ಕ್ಷೇತ್ರ, ಬೇಕಲ ಕೋಟೆ, ಹೊಸದುರ್ಗ, ರಾಜಪುರಂ ದಾರಿಯಾಗಿ ರಾಣಿಪುರ ಗುಡ್ಡದ ಬುಡದವರೆಗೆ ಹೋಗಿ, ಪಾಣತ್ತೂರು, ಸುಳ್ಯ, ಜಾಲ್ಸೂರು, ಮುಳ್ಳೇರಿಯದ ಮೂಲಕ ಮರಳಿದ ನಾಲ್ಕು ದಿನಗಳ ಪ್ರಯಾಣ ನಮ್ಮದು. ಹೋದವರು ನಾನು, ನನ್ನ ಪತ್ನಿ ಮತ್ತು ಭಾವ. ಜೀಪಿನ ಹಿಂದೆ ಇಬ್ಬರು ಮಲಗಬಹುದಾದ ಸಣ್ಣ ಟ್ರೈಲರ್, ಭಾವನ ಹಾಸಿಗೆ ಜೀಪಿನಲ್ಲಿ. ಕೋಟೆಯ ಬಗ್ಗೆಯೂ ಗುಡ್ಡದ ಬಗ್ಗೆಯೂ ಬರೆದವರು ಬೇಕಾದಷ್ಟು ಮಂದಿ ಇದ್ದಾರೆ. ಇದೇ ದಾರಿಯಲ್ಲಿ ಟ್ರೈಲರ್ ಎಳೆದುಕೊಂಡು ಹೋಗಲು ಯೋಚಿಸುವವರು ನನ್ನಲ್ಲಿ ಹೆಚ್ಚಾಗಿ ಕೇಳುವುದು ಕರೆಂಟಿನ ಬಗ್ಗೆಯಾದ್ದರಿಂದ, ಅದನ್ನೇ ಸ್ವಲ್ಪ ವಿಸ್ತಾರವಾಗಿ ಹೇಳುತ್ತೇನೆ.

ಎರಡು ವರ್ಷಗಳ ಹಿಂದೆ ಇದೇ ಪ್ರಯಾಣವನ್ನು ಅರ್ಧದಲ್ಲಿ ನಿಲ್ಲಿಸಬೇಕಾಗಿ ಬಂದಿತ್ತು. ಆಗ ಟ್ರೈಲರಿನಲ್ಲಿ ಮನೆಬಳಕೆಯ ಇನ್ವರ್ಟರ್ ಮತ್ತು 150 ಆಂಪಿಯರ್ ಅವರ್‌ನ ಟ್ಯೂಬ್ಯುಲರ್ ಬ್ಯಾಟರಿ ಇತ್ತು. ಅದರ ಜೊತೆಗೆ ಒಂದು ಸರ್ಜ್ ಪ್ರೊಟೆಕ್ಟರ್ ಹಾಕಿಸಿಕೊಂಡು, ಇನ್ನು ಹೆದರಿಕೆಯಿಲ್ಲ ಎಂದುಕೊಂಡಿದ್ದೆ. ಕಡಲ ಬದಿಯ ಒಂದು ಮನೆಯಂಗಳದಲ್ಲಿ ಪ್ಲಗ್ಗು ಚುಚ್ಚಿ ಮಲಗಿದ್ದಾಗ, ರಾತ್ರಿ ಹನ್ನೊಂದರ ಸುಮಾರಿಗೆ ಬಲ್ಬು ಒಮ್ಮೆಲೇ ಬೆಳ್ಳಗೆ ಉರಿಯಿತು. ಮರುಕ್ಷಣವೇ ಸುಟ್ಟ ವಾಸನೆ. ಪೆಟ್ಟಿಗೆ ತೆರೆದು ನೋಡಿದರೆ ಸರ್ಜ್ ಪ್ರೊಟೆಕ್ಟರಿನ ಸಣ್ಣ ಕಿಟಕಿಯಲ್ಲಿ ಹಸಿರಿನ ಬದಲು ಕೆಂಪು ಕಾಣುತ್ತಿತ್ತು, ಇನ್ವರ್ಟರಿನ ಚಾರ್ಜರ್ ಭಾಗ ಕರಿಗಟ್ಟಿತ್ತು. ಆ ರಾತ್ರಿ ಮಿಂಚೂ ಇರಲಿಲ್ಲ, ಗುಡುಗೂ ಇರಲಿಲ್ಲ. ಎಲ್ಲೋ ಮೇಲಿನ ಲೈನಿನಲ್ಲಿ ನ್ಯೂಟ್ರಲ್ ತಂತಿ ಬಿಟ್ಟುಹೋಗಿತ್ತು.

ಮೂವತ್ತು ವರ್ಷ ಪ್ರೌಢಶಾಲೆಯಲ್ಲಿ ಭೌತಶಾಸ್ತ್ರ ಕಲಿಸಿದವನಿಗೆ ಇದು ಮೊದಲೇ ಹೊಳೆಯಬೇಕಿತ್ತು. ಮೂರು ಫೇಸಿನ ಲೈನಿನಲ್ಲಿ ಒಂದು ಫೇಸಿಗೂ ನ್ಯೂಟ್ರಲಿಗೂ ನಡುವೆ 230 ವೋಲ್ಟ್ ಇದ್ದರೆ, ಎರಡು ಫೇಸುಗಳ ನಡುವೆ ಸುಮಾರು 400 ವೋಲ್ಟ್ ಇರುತ್ತದೆ. ನ್ಯೂಟ್ರಲ್ ಕಡಿದರೆ, ಯಾವ ಮನೆಯಲ್ಲಿ ಎಷ್ಟು ಲೋಡ್ ಇದೆ ಎಂಬುದನ್ನು ಹೊಂದಿಕೊಂಡು, ಒಬ್ಬರ ಮನೆಗೆ ನೂರು ವೋಲ್ಟ್, ಇನ್ನೊಬ್ಬರ ಮನೆಗೆ ಮುನ್ನೂರೈವತ್ತು ವೋಲ್ಟ್ ಹೋಗಬಹುದು. ಸರ್ಜ್ ಪ್ರೊಟೆಕ್ಟರಿನ ಒಳಗಿರುವುದು ಜಿಂಕ್ ಆಕ್ಸೈಡಿನ ಬಿಲ್ಲೆ. ಅದು ಮಿಂಚಿನಿಂದ ತಂತಿಯಲ್ಲಿ ಏಳುವ, ಸೆಕೆಂಡಿನ ಲಕ್ಷದಲ್ಲೊಂದು ಭಾಗದಷ್ಟು ಹೊತ್ತು ಮಾತ್ರ ಇರುವ ಏರಿಕೆಯನ್ನು ಅರ್ತಿಗೆ ಇಳಿಸುತ್ತದೆ. ನಿಮಿಷಗಟ್ಟಲೆ ನಿಲ್ಲುವ ಹೆಚ್ಚಿನ ವೋಲ್ಟೇಜನ್ನು ತಡೆಯಲು ಹೋದರೆ ತಾನೇ ಕಾದು ಸಾಯುತ್ತದೆ. ಆ ಕೆಲಸಕ್ಕೆ ಬೇಕಾದದ್ದು ವೋಲ್ಟೇಜ್ ರಿಲೇ, ಅಂದರೆ ಮಿತಿ ಮೀರಿದಾಗ ಲೈನನ್ನೇ ಕಡಿಯುವ ಉಪಕರಣ. ಅಂಗಡಿಯಲ್ಲಿ ಎರಡನ್ನೂ ‘ಪ್ರೊಟೆಕ್ಟರ್’ ಎಂದೇ ಮಾರುತ್ತಾರೆ. ಯಾವುದು ಯಾವುದೆಂದು ಕೇಳಿ ತಿಳಿದುಕೊಳ್ಳಬೇಕು, ಮತ್ತು ಎರಡನ್ನೂ ಹಾಕಿಸಬೇಕು.

ಈ ಸಲದ ಏರ್ಪಾಡು ಹೀಗಿತ್ತು. ಹೊರಗಿನಿಂದ ಬರುವ ವೈರು ಮೊದಲು, ಲೋಡ್ ಮಿತಿ ಮೀರಿದರೆ ತಾನೇ ಬೀಳುವ 16 ಆಂಪಿಯರಿನ ಎರಡು ಪೋಲಿನ ಎಂಸಿಬಿಗೆ, ಅಲ್ಲಿಂದ ವೋಲ್ಟೇಜ್ ರಿಲೇಗೆ, ಬಳಿಕ ಕರೆಂಟು ಸೋರಿದರೆ ಲೈನು ಕಡಿಯುವ 30 ಮಿಲಿ ಆಂಪಿಯರಿನ ಆರ್‌ಸಿಸಿಬಿಗೆ, ಕೊನೆಗೆ ಇನ್ವರ್ಟರಿಗೆ ಹೋಗುತ್ತದೆ. ಟೈಪ್ 2 ಸರ್ಜ್ ಪ್ರೊಟೆಕ್ಟರ್ ಎಂಸಿಬಿಯ ಪಕ್ಕದಲ್ಲೇ ಕುಳಿತಿದೆ. ಅದರ ತಂತಿಗಳು ಅರ್ಧ ಮೀಟರಿಗಿಂತ ಉದ್ದ ಇರಬಾರದು, ಏಕೆಂದರೆ ಮಿಂಚಿನ ವೇಗದಲ್ಲಿ ಏರುವ ಪ್ರವಾಹಕ್ಕೆ ಒಂದು ಮೀಟರ್ ತಂತಿಯೇ ಸಾವಿರ ವೋಲ್ಟಿನಷ್ಟು ತಡೆಯೊಡ್ಡಬಲ್ಲುದು. ಚೆಂದಕ್ಕಾಗಿ ತಂತಿಯನ್ನು ಸುತ್ತಿ ಸುತ್ತಿ ಕಟ್ಟಿಸಿದರೆ ಹಾಕಿಸಿದ್ದೇ ವ್ಯರ್ಥ. ರಿಲೇಯನ್ನು ಕೆಳಗೆ 180, ಮೇಲೆ 260 ವೋಲ್ಟಿಗೆ ಇಟ್ಟಿದ್ದೇನೆ. ಲೈನು ಸರಿಯಾದ ಮೇಲೂ ಮೂರು ನಿಮಿಷ ಕಾದು ಮತ್ತೆ ಜೋಡಿಸುವಂತೆ ಹೇಳಿದ್ದೇನೆ. ಫ್ರಿಜ್ಜಿನ ಕಂಪ್ರೆಸರಿಗೆ ಆ ವಿರಾಮ ಬೇಕು. ಈ ರಕ್ಷಣೆಯ ಸಾಮಾನು ಎಲ್ಲವೂ ಸೇರಿ ಒಂದು ಒಳ್ಳೆಯ ಇನ್ವರ್ಟರಿನ ಅರ್ಧ ಬೆಲೆಯೂ ಆಗಲಿಲ್ಲ.

ಬ್ಯಾಟರಿಯನ್ನು ಲಿಥಿಯಂ ಐರನ್ ಫಾಸ್ಫೇಟಿಗೆ ಬದಲಾಯಿಸಿದೆ: 12.8 ವೋಲ್ಟ್, 100 ಆಂಪಿಯರ್ ಅವರ್, ಅಂದರೆ 1280 ವಾಟ್ ಅವರ್. ಹಳೆಯ ಟ್ಯೂಬ್ಯುಲರ್ ಬ್ಯಾಟರಿ ಐವತ್ತು ಕಿಲೋ ದಾಟುತ್ತಿತ್ತು, ಅರ್ಧಕ್ಕಿಂತ ಹೆಚ್ಚು ಖಾಲಿ ಮಾಡಿದರೆ ಅದರ ಆಯುಷ್ಯ ಕುಗ್ಗುತ್ತಿತ್ತು, ಮೇಲಾಗಿ ಚಾರ್ಜ್ ಆಗುವಾಗ ಹೈಡ್ರೋಜನ್ ಬಿಡುವ ಆ ಡಬ್ಬದ ಪಕ್ಕದಲ್ಲಿ ಮಲಗುವುದು ನನಗೆ ಒಪ್ಪಿಗೆಯಿರಲಿಲ್ಲ. ಇನ್ವರ್ಟರ್ 1000 ವಾಟಿನದು, ಪ್ಯೂರ್ ಸೈನ್ ವೇವ್, ಅಂದರೆ ಲೈನಿನ ಕರೆಂಟಿನಂತೆಯೇ ನಯವಾದ ಅಲೆ ಕೊಡುವುದು. ಪೂರ್ತಿ ಲೋಡಿನಲ್ಲಿ ಅದು ಬ್ಯಾಟರಿಯಿಂದ 90 ಆಂಪಿಯರಿಗೂ ಮಿಕ್ಕಿ ಎಳೆಯುತ್ತದೆ. ಮನೆಯಲ್ಲಿ 230 ವೋಲ್ಟಿನ ಲೆಕ್ಕ ರೂಢಿಯಾದವರಿಗೆ ಇದು ಬೇಗ ಮನಸ್ಸಿಗೆ ಹತ್ತುವುದಿಲ್ಲ. ಅದಕ್ಕಾಗಿ ಒಂದು ಮೀಟರಿಗಿಂತ ಕಡಿಮೆ ಉದ್ದದ, 35 ಚದರ ಮಿಲಿಮೀಟರಿನ ತಾಮ್ರದ ಕೇಬಲ್ ಮತ್ತು ಬ್ಯಾಟರಿಯ ಪ್ಲಸ್ಸಿಗೆ ಒತ್ತಿಕೊಂಡೇ 150 ಆಂಪಿಯರಿನ ಫ್ಯೂಸ್ ಹಾಕಿಸಿದೆ.

ಖರ್ಚಿನ ಲೆಕ್ಕವನ್ನು ಹೊರಡುವ ಮೊದಲೇ ಮಾಡಿಕೊಳ್ಳಿ. ಮೂವತ್ತು ವಾಟಿನ ಎರಡು ಫ್ಯಾನುಗಳು ಒಂಬತ್ತು ಗಂಟೆ ತಿರುಗಿದರೆ 540 ವಾಟ್ ಅವರ್, ಸಣ್ಣ ಫ್ರಿಜ್ಜಿಗೆ ರಾತ್ರಿಗೆ 300, ದೀಪ ಮತ್ತು ಫೋನಿಗೆ ನೂರು, ಇನ್ವರ್ಟರ್ ಸುಮ್ಮನೆ ಚಾಲೂ ಇದ್ದರೂ ತಿನ್ನುವ ಹತ್ತಿಪ್ಪತ್ತು ವಾಟಿನಿಂದ ಇನ್ನೊಂದು ನೂರೈವತ್ತು. ಬೆಳಿಗ್ಗೆ ಉಳಿಯುವುದು ಹೆಚ್ಚೇನೂ ಇಲ್ಲ. ಚಟ್ನಿಗೆ ಕಾಯಿ ರುಬ್ಬುವ 500 ವಾಟಿನ ಮಿಕ್ಸಿ ಮೂರು ನಿಮಿಷದಲ್ಲಿ ಲೆಕ್ಕಕ್ಕೆ ಸಿಗುವಷ್ಟೂ ತಿನ್ನುವುದಿಲ್ಲ, ಆದರೆ ಶುರುವಾಗುವ ಕ್ಷಣದಲ್ಲಿ ಅದರ ಎಳೆತ ಎರಡು ಪಟ್ಟಿಗೂ ಮೀರುತ್ತದೆ. ಜಾರಿಗೆ ಕಾಯಿ ಕಡಿಮೆ ಹಾಕಿ, ಮೊದಲ ಗುಂಡಿಯಲ್ಲೇ ಶುರು ಮಾಡಿದರೆ ಇನ್ವರ್ಟರ್ ಮುನಿಸಿಕೊಳ್ಳುವುದಿಲ್ಲ. ರೈಸ್ ಕುಕ್ಕರ್, ಇಂಡಕ್ಷನ್ ಒಲೆ, ಎಸಿ ಮೂರನ್ನೂ ಈ ಗಾತ್ರದ ಬ್ಯಾಟರಿಯಲ್ಲಿ ಮರೆತುಬಿಡಿ. ಅನ್ನಕ್ಕೆ ಗ್ಯಾಸ್ ಇದೆ.

ಮೊದಲ ದಿನ ಅನಂತಪುರಕ್ಕೆ ಹೋಗಿ, ಕುಂಬಳೆಯಲ್ಲಿ ಹೆದ್ದಾರಿ 66 ಹಿಡಿದು, ಚಂದ್ರಗಿರಿ ಹೊಳೆ ದಾಟಿ ಬೇಕಲಕ್ಕೆ ಬಂದೆವು. ಇಲ್ಲಿ ಒಂದು ಮಾತು. ಜೀಪಿನ ಆಲ್ಟರ್ನೇಟರಿನಿಂದ ಟ್ರೈಲರಿನ ಬ್ಯಾಟರಿಗೆ 30 ಆಂಪಿಯರ್ ಕೊಡುವ ಚಾರ್ಜರ್ ನಮ್ಮಲ್ಲಿದೆ, ಖಾಲಿ ಬ್ಯಾಟರಿ ತುಂಬಲು ಅದಕ್ಕೆ ಮೂರೂವರೆ ಗಂಟೆ ಬೇಕು. ನಮ್ಮ ಜಿಲ್ಲೆಯಲ್ಲಿ ಅಷ್ಟು ಹೊತ್ತು ಓಡಿಸಿದರೆ ಕಣ್ಣೂರೂ ದಾಟುತ್ತದೆ! ಒಂದೂವರೆ ಗಂಟೆಯ ಓಟಕ್ಕೆ ಬ್ಯಾಟರಿಯ ಅರ್ಧವೂ ತುಂಬುವುದಿಲ್ಲ. ಮಾಡಿನ ಮೇಲಿನ 200 ವಾಟಿನ ಸೋಲಾರ್ ಹಲಗೆ ಏಪ್ರಿಲ್ ಬಿಸಿಲಿಗೆ ಚೆನ್ನಾಗಿಯೇ ಕೊಡುತ್ತದೆ, ಆದರೆ ಕಡಲ ಬದಿಯಲ್ಲಿ ನೆರಳು ಎಂದರೆ ತೆಂಗಿನ ನೆರಳು. ಒಂದು ಮಡಲಿನ ನೆರಳು ಹಲಗೆಯ ಮೇಲೆ ಬಿದ್ದರೂ ಉತ್ಪಾದನೆ ಪಾತಾಳಕ್ಕಿಳಿಯುತ್ತದೆ. ಮಡಲಿನ ಜೊತೆಗೆ ಕಾಯಿಯೂ ಬೀಳಬಹುದು ಎಂಬುದನ್ನು ನಾನು ಬೇರೆ ಹೇಳಬೇಕಾಗಿಲ್ಲ. ಹೀಗಾಗಿ ಎರಡನೆಯ ರಾತ್ರಿಗೆ ಯಾರದಾದರೂ ಮನೆಯ ಪ್ಲಗ್ಗು ಬೇಕೇ ಬೇಕಾಗುತ್ತದೆ.

ಪನತ್ತಡಿಯಿಂದ ರಾಣಿಪುರಕ್ಕೆ ಏರುವ ದಾರಿ ಕಡಿದು, ತಿರುವುಗಳು ಬಿಗಿ. ಟ್ರೈಲರನ್ನು ಕೆಳಗೆ, ಅಡಿಕೆ ತೋಟವಿರುವ ಒಂದು ಮನೆಯಂಗಳದಲ್ಲಿ ಅನುಮತಿ ಪಡೆದು ನಿಲ್ಲಿಸಿದೆವು. ಯಜಮಾನರು ಜಗಲಿಯ 16 ಆಂಪಿಯರಿನ ಸಾಕೆಟ್ಟನ್ನು ತೋರಿಸಿದರು. ಇಲ್ಲಿ ಅವಸರ ಮಾಡಬಾರದು. ಮಲ್ಟಿಮೀಟರಿನಲ್ಲಿ ಫೇಸಿಗೂ ನ್ಯೂಟ್ರಲಿಗೂ 221 ವೋಲ್ಟ್, ಫೇಸಿಗೂ ಅರ್ತಿಗೂ 221, ನ್ಯೂಟ್ರಲಿಗೂ ಅರ್ತಿಗೂ ಸೊನ್ನೆ. ಮೂರು ದೀಪದ ಸಾಕೆಟ್ ಟೆಸ್ಟರಿನಲ್ಲೂ ಎಲ್ಲವೂ ಸರಿ. ನನಗೆ ಆ ಸೊನ್ನೆಯ ಮೇಲೆ ಸಂಶಯ ಬಂತು. ಭಾವನಲ್ಲಿ ಹೇಳಿ, ಅದೇ ಬೋರ್ಡಿನ ಇನ್ನೊಂದು ಪ್ಲಗ್ಗಿಗೆ ಇಸ್ತ್ರಿಪೆಟ್ಟಿಗೆ ಹಾಕಿಸಿದೆ. ನಿಜವಾದ ಅರ್ತಿಂಗ್ ಇದ್ದರೆ ಲೋಡ್ ಬಿದ್ದಾಗ ನ್ಯೂಟ್ರಲ್ ಒಂದೆರಡು ವೋಲ್ಟಾದರೂ ಏರಬೇಕು. ಇಲ್ಲಿ ಸೊನ್ನೆ ಸೊನ್ನೆಯಾಗಿಯೇ ಉಳಿಯಿತು. ಯಜಮಾನರ ಒಪ್ಪಿಗೆಯಿಂದ ಮೈನ್ ಆಫ್ ಮಾಡಿ ಬೋರ್ಡು ಬಿಚ್ಚಿದಾಗ, ಅರ್ತಿನ ಪಿನ್ನಿಗೂ ನ್ಯೂಟ್ರಲಿಗೂ ಒಂದು ಸಣ್ಣ ತುಂಡು ತಂತಿ ಕಟ್ಟಿದ್ದು ಕಾಣಿಸಿತು. ಇಂಥ ಬೋರ್ಡಿನಲ್ಲಿ ನ್ಯೂಟ್ರಲ್ ಕಡಿದುಹೋದರೆ ಟ್ರೈಲರಿನ ಇಡೀ ಕಬ್ಬಿಣದ ಮೈಗೆ ಕರೆಂಟು ಬರುತ್ತದೆ. ರಬ್ಬರ್ ಚಕ್ರದ ಮೇಲೆ ನಿಂತ ಗಾಡಿಗೆ ಅದು ತಿಳಿಯುವುದಿಲ್ಲ. ಒದ್ದೆ ನೆಲದಲ್ಲಿ ನಿಂತು ಬಾಗಿಲಿನ ಹಿಡಿಕೆ ಮುಟ್ಟಿದವರಿಗೆ ತಿಳಿಯುತ್ತದೆ.

ಅದೃಷ್ಟಕ್ಕೆ ಪಂಪ್ ಶೆಡ್ಡಿನಲ್ಲಿ ಬೇರೆ ಸಾಕೆಟ್ ಇತ್ತು, ಅದಕ್ಕೆ ಸರಿಯಾದ ಅರ್ತಿಂಗ್ ಗುಂಡಿಯೂ ಇತ್ತು. ನಮ್ಮ ಕಡೆ ಮುರಕಲ್ಲಿನ ನೆಲ. ವಿಷುವಿನ ಹೊತ್ತಿಗೆ ಅದು ಬೆಂದ ಇಟ್ಟಿಗೆಯಂತೆ ಒಣಗಿ, ಅರ್ತಿಂಗಿನ ತಡೆ ಏರಿರುತ್ತದೆ. ಯಜಮಾನರು ಎರಡು ಕೊಡಪಾನ ನೀರು ತಂದು ಗುಂಡಿಗೆ ಸುರಿದರು. ನಾವೇ ಒಂದು ಸರಳು ಹೊಡೆದುಕೊಳ್ಳೋಣ ಎಂದು ಕೆಲವರು ಹೇಳುವುದುಂಟು. ನಾನು ಒಮ್ಮೆ ಪ್ರಯತ್ನಿಸಿದ್ದೇನೆ. ಒಂದು ಗೇಣು ಇಳಿಯುವಷ್ಟರಲ್ಲಿ ಸುತ್ತಿಗೆಯಿಂದ ಕಿಡಿ ಹಾರಿತು, ಸರಳು ಬಾಗಿತು. ಅರ್ತಿಂಗ್ ಇಲ್ಲದ ಕಡೆ ಪ್ಲಗ್ಗು ಚುಚ್ಚಬೇಡಿ, ಬ್ಯಾಟರಿಯಲ್ಲೇ ಇರಿ, ಫ್ಯಾನ್ ಒಂದನ್ನು ಕಡಿಮೆ ಮಾಡಿ. ಅರ್ತಿಂಗ್ ಇಲ್ಲದಿದ್ದರೆ ಸರ್ಜ್ ಪ್ರೊಟೆಕ್ಟರ್ ತನ್ನ ಪಾಲಿನದನ್ನು ಎಲ್ಲಿಗೆ ಇಳಿಸಬೇಕು?

ಸಂಜೆ ಏಳರ ಹೊತ್ತಿಗೆ ರಿಲೇಯ ಅಂಕಿ 221ರಿಂದ ಇಳಿಯುತ್ತಾ 196, 184, 178 ಆಯಿತು. ಟಕ್ ಎಂದು ಲೈನು ಕಡಿಯಿತು. ದೀಪ ಒಮ್ಮೆ ಮಿಟುಕಿ ಇನ್ವರ್ಟರಿನಲ್ಲಿ ಮುಂದುವರಿಯಿತು. “ಮಾಷ್ಟ್ರೇ, ಎಲ್ಲರೂ ತೋಟಕ್ಕೆ ಪಂಪ್ ಬಿಟ್ಟರೆ ಇಷ್ಟೇ ಬರುದು” ಎಂದರು ಯಜಮಾನರು. ರಾತ್ರಿ ಒಂಬತ್ತೂವರೆಗೆ ಪಂಪುಗಳು ನಿಂತ ಮೇಲೆ ಅಂಕಿ 226ಕ್ಕೆ ಬಂತು, ಮೂರು ನಿಮಿಷ ಎಣಿಸಿ ರಿಲೇ ಮತ್ತೆ ಜೋಡಿಸಿತು. ಬೇಸಿಗೆಯಲ್ಲಿ ಅಡಿಕೆ ತೋಟದ ಸೀಮೆಗೆ ಹೋಗುವವರು ಸಂಜೆಯ ಈ ಎರಡು ಮೂರು ಗಂಟೆಗಳಿಗೆ ಬ್ಯಾಟರಿಯಲ್ಲಿ ಜೀವ ಉಳಿಸಿಕೊಂಡಿರಬೇಕು. ಎಳೆಯುವ ವೈರು 2.5 ಚದರ ಮಿಲಿಮೀಟರಿಗಿಂತ ತೆಳ್ಳಗಿದ್ದರೆ ಅದರಲ್ಲೇ ಇನ್ನಷ್ಟು ವೋಲ್ಟ್ ಸೋರುತ್ತದೆ. ಸುರುಳಿಯನ್ನು ಪೂರ್ತಿ ಬಿಡಿಸಿಯೇ ಹಾಕಬೇಕು, ಸುತ್ತಿಟ್ಟ ವೈರು ಕಾದು ಪ್ಲಾಸ್ಟಿಕ್ ಅಂಟಿಕೊಳ್ಳುತ್ತದೆ.

ಮೂರನೆಯ ದಿನ ಗುಡ್ಡ ಹತ್ತಿ ಮಧ್ಯಾಹ್ನಕ್ಕೆ ಇಳಿದೆವು. ಎರಡು ಗಂಟೆಯ ಬಳಿಕ ಮೂಡು ದಿಕ್ಕಿನಲ್ಲಿ ಮೋಡ ಕಟ್ಟಿತು. ಮೇ ಕೊನೆಯ ಹೊತ್ತಿಗೆ ಬರುವ ಪತ್ತನಾಜೆಗೆ ಮೊದಲಿನ ಮಳೆಯಲ್ಲಿ ನೀರಿಗಿಂತ ಸಿಡಿಲೇ ಜಾಸ್ತಿ. ಕೇರಳದಲ್ಲಿ ಈ ಕಾಲದ ಸಿಡಿಲಿನ ಮುನ್ನೆಚ್ಚರಿಕೆಗಳು ಮಧ್ಯಾಹ್ನ 2ರಿಂದ ರಾತ್ರಿ 10ರವರೆಗಿನ ಹೊತ್ತನ್ನೇ ಹೇಳುತ್ತವೆ. ಹತ್ತಿರಕ್ಕೆ ಬಿದ್ದ ಸಿಡಿಲನ್ನು ತಡೆಯುವ ಪ್ರೊಟೆಕ್ಟರ್ ನಮ್ಮಂಥವರ ಪೆಟ್ಟಿಗೆಯಲ್ಲಿ ಇರುವುದಿಲ್ಲ. ಮೊದಲ ಗುಡುಗು ದೂರದಲ್ಲಿ ಕೇಳಿದಾಗಲೇ ಪ್ಲಗ್ಗು ಕಿತ್ತು, ವೈರನ್ನು ಸುರುಳಿ ಸುತ್ತಿ ಒಳಗಿಟ್ಟೆವು. ಸಿಡಿಲು ತಲೆಯ ಮೇಲೆ ಬಂದ ಮೇಲೆ ಪ್ಲಗ್ಗಿಗೆ ಕೈ ಹಾಕುವುದು ಅಪಾಯ. ಆಗ ಇದ್ದದ್ದು ಇದ್ದ ಹಾಗೆ ಬಿಟ್ಟು ದೂರ ಕುಳಿತುಕೊಳ್ಳಬೇಕು. ಆ ಸಂಜೆ ನಾಲ್ಕು ಗಂಟೆಗಳ ಕಾಲ ಬ್ಯಾಟರಿಯಲ್ಲೇ ಇದ್ದೆವು, ನಲವತ್ತು ಶೇಕಡಾ ಉಳಿದಿತ್ತು.

ಇನ್ವರ್ಟರಿನ ಬಗ್ಗೆ ಒಂದು ಎಚ್ಚರಿಕೆ ಉಳಿದಿದೆ. ಬ್ಯಾಟರಿಯಲ್ಲಿ ಓಡುವಾಗ ಅದರ ನ್ಯೂಟ್ರಲಿಗೂ ಟ್ರೈಲರಿನ ಮೈಗೂ ಸಂಬಂಧವಿಲ್ಲದಿದ್ದರೆ, ಇನ್ವರ್ಟರಿನಿಂದ ಆಚೆಗೆ ಒಳಗಿನ ಲೈನಿಗೆ ಹಾಕಿದ ಆರ್‌ಸಿಸಿಬಿ ಟ್ರಿಪ್ ಆಗದೆ ಸುಮ್ಮನಿರಬಹುದು. ಬ್ಯಾಟರಿಗೆ ಬದಲಾದಾಗ ಮಾತ್ರ ಆ ಸಂಬಂಧವನ್ನು ಕೂಡಿಸಿ, ಹೊರಗಿನ ಲೈನು ಬಂದಾಗ ಬಿಡಿಸುವ ರಿಲೇ ಇರುವ ಇನ್ವರ್ಟರುಗಳಿವೆ. ಕೊಳ್ಳುವಾಗ ಕೇಳಬೇಕಾದ ಮೊದಲ ಪ್ರಶ್ನೆ ಇದೇ. ಮನೆಬಳಕೆಯದನ್ನು ತಂದು, ತಾವೇ ಒಂದು ತುಂಡು ತಂತಿ ಕಟ್ಟಿದರೆ ಪನತ್ತಡಿಯ ಆ ಬೋರ್ಡಿನ ಕಥೆಯೇ ಗಾಡಿಯೊಳಗೂ ಆಗುತ್ತದೆ. ಈ ಜೋಡಣೆಯನ್ನು ಲೈಸೆನ್ಸ್ ಇರುವ ವಯರ್‌ಮನ್ ಕೈಯಲ್ಲೇ ಮಾಡಿಸಿ. ನಾನೂ ಹಾಗೆಯೇ ಮಾಡಿಸಿದ್ದು.

ಮನೆಗೆ ಬಂದು ನೋಡಿದರೆ ಬ್ಯಾಟರಿಯ ಮೈನಸ್ ಬೋಲ್ಟು ಕಾಲು ಸುತ್ತು ಸಡಿಲವಾಗಿತ್ತು; ಪಾಣತ್ತೂರಿನಿಂದ ಸುಳ್ಯದವರೆಗಿನ ರಸ್ತೆಯ ಕುಲುಕಾಟದ ಫಲ. ಬೇಕಲದ ಒಂದೇ ರಾತ್ರಿಯ ಉಪ್ಪುಗಾಳಿಗೆ ಹೊರಗಿನ ಪ್ಲಗ್ಗಿನ ಹಿತ್ತಾಳೆಯ ಪಿನ್ನು ಮಂಕಾಗಿತ್ತು, ಉಜ್ಜಿ ವ್ಯಾಸಲಿನ್ ಸವರಿದೆ. ಜೂನಿನಿಂದ ಸೆಪ್ಟೆಂಬರಿನವರೆಗೆ ಟ್ರೈಲರ್ ಕೊಟ್ಟಿಗೆಯಲ್ಲೇ ಇರುವುದರಿಂದ, ಬ್ಯಾಟರಿಯನ್ನು ಅರವತ್ತು ಶೇಕಡಾಕ್ಕೆ ಇಳಿಸಿ, ಪ್ಲಸ್ಸಿನ ಕೇಬಲ್ ಕಳಚಿ, ತುದಿಗೆ ಬಟ್ಟೆ ಸುತ್ತಿ ಇಟ್ಟಿದ್ದೇನೆ.